ಶಾರದಕ್ಕನ ಕೆಳದವಡೆ

ಜೀವಂತ ಮನುಷ್ಯನ ದವಡೆಯ ಎಲುಬಿಗೆ ತೂತು ಕೊರೆಯುವುದನ್ನು ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ. ನಾನೇನೂ ಹೊಸಬಳಾಗಿರಲಿಲ್ಲ. ಧಾರವಾಡದಲ್ಲಿ ಓದಿ, ಹಲ್ಲಿನ ಸೆಟ್ಟು ಕಟ್ಟುವುದರಲ್ಲೇ ಮೇಲಿನ ಪದವಿ ಮಾಡಿ, ಮದುವೆಯಾಗಿ ಪುಣೆಗೆ ಬಂದು ಕೆಲವು ವರ್ಷ ಕೆಲಸವನ್ನೂ ಮಾಡಿದ್ದೆ. ಹಲ್ಲು ಕಿತ್ತಿದ್ದೆ, ಕೀವು ತೆಗೆದಿದ್ದೆ, ರಕ್ತ ನೋಡಿದ್ದೆ. ಆದರೆ ಅಂದು ಕುರ್ಚಿಯ ಮೇಲಿದ್ದವರು ಪೂರ್ತಿ ಎಚ್ಚರವಾಗಿದ್ದರು. ಮೋಟಾರು ಕಾರಖಾನೆಯಿಂದ ನಿವೃತ್ತರಾದ ಎಂಜಿನಿಯರು. ವಸಡನ್ನು ಬಿಡಿಸಿಟ್ಟಲ್ಲಿ ಎಲುಬು ಸುಲಿದ ತೆಂಗಿನಕಾಯಿಯ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಅದರ ಮೇಲೆ ಉಪ್ಪುನೀರು ತೊಟ್ಟಿಕ್ಕಿಸುತ್ತ ನಮ್ಮ ಸರ್ ನಿಧಾನವಾಗಿ ಕೊರೆಯುತ್ತಿದ್ದರು. ಒಮ್ಮೆ ಎಂಜಿನಿಯರು ಕೈ ಎತ್ತಿದರು. ನೋವಾಯಿತೆಂದು ನಾವೆಲ್ಲ ಗಾಬರಿಯಾದೆವು. ಬಾಯಿಂದ ಪೈಪು ತೆಗೆದೊಡನೆ ಅವರು ಮರಾಠಿಯಲ್ಲಿ ಕೇಳಿದ್ದು ಇಷ್ಟೇ: ಇದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ?

ಸರ್ ಉತ್ತರ ಹೇಳಿ ಕೆಲಸ ಮುಂದುವರಿಸಿದರು. ನಾನು ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ.

ಅದು ತೊಂಬತ್ತರ ದಶಕದ ನಡುವಿನ ಮಾತು. ಇಂಪ್ಲಾಂಟ್ ಎಂಬ ಪದವನ್ನೇ ಪುಣೆಯ ಜನ ಕೇಳಿರಲಿಲ್ಲ. ಟೈಟಾನಿಯಂ ಲೋಹದ ಸಣ್ಣ ತಿರುಪನ್ನು ಎಲುಬಿನೊಳಗೆ ಕೂರಿಸಿ, ಮೇಲೆ ವಸಡು ಹೊಲಿದು ತಿಂಗಳುಗಟ್ಟಲೆ ಬಿಟ್ಟರೆ, ಎಲುಬು ಅದನ್ನು ತನ್ನದೇ ಎಂಬಂತೆ ಹಿಡಿದುಕೊಳ್ಳುತ್ತದೆ. ಆಮೇಲೆ ಅದರ ಮೇಲೆ ಹಲ್ಲಿನ ಸೆಟ್ಟನ್ನು ಸಿಕ್ಕಿಸುತ್ತೇವೆ. ಈಗ ಈ ಕೆಲಸಕ್ಕೆ ಬರುವ ನೀವು ದವಡೆಯನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ, ನರ ಎಲ್ಲಿದೆ ಎಂದು ನೋಡಿಯೇ ಕೈ ಹಾಕುತ್ತೀರಿ. ನಮ್ಮಲ್ಲಿ ಇದ್ದದ್ದು ಒಂದು ಅಗಲವಾದ ಎಕ್ಸ್‌ರೇ ಫಿಲ್ಮು, ಅದರ ಹಿಂದೊಂದು ಟ್ಯೂಬ್‌ಲೈಟು. ಮಿಕ್ಕದ್ದು ಸರ್ ಅವರ ಬೆರಳಿಗೆ ಬಿಟ್ಟದ್ದು.

ಸರ್ ಎಂದರೆ ಅರವಿಂದ ಸರ್. ತಿಳಕ ರಸ್ತೆಯ ಹತ್ತಿರ ಮೊದಲ ಮಹಡಿಯಲ್ಲಿ ಅವರ ಕ್ಲಿನಿಕ್ಕು. ಅವರು ತಿರುಪು ಕೂರಿಸುತ್ತಿದ್ದರು, ನಾನು ಅದರ ಮೇಲಿನ ಹಲ್ಲು ಕಟ್ಟುತ್ತಿದ್ದೆ. ಮಾತು ಕಡಿಮೆ, ಸಿಟ್ಟು ಹೆಚ್ಚು. ತಮ್ಮ ಕೈಯ ಬಗ್ಗೆ ಅವರಿಗೆ ಅಪಾರ ಹೆಮ್ಮೆ. ಆ ಹೆಮ್ಮೆಗೆ ಕಾರಣವೂ ಇತ್ತು. ತಿರುಪು ಬಿಗಿಯುವ ಸ್ಕ್ರೂಡ್ರೈವರು ಕಿರುಬೆರಳಿನ ಅರ್ಧದಷ್ಟೂ ಇರುತ್ತಿರಲಿಲ್ಲ. ಅದು ಗಂಟಲಿಗೆ ಜಾರದಂತೆ ದಾರ ಕಟ್ಟಿಕೊಳ್ಳಬೇಕೆಂದು ತರಬೇತಿಯಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದರು. ನಾನೊಮ್ಮೆ ಆ ಮಾತು ತೆಗೆದಾಗ ಸರ್, "ಧಾಗಾ ಮಧೇ ಮಧೇ ಯೇತೋ" ಎಂದರು. ದಾರ ನಡುನಡುವೆ ಅಡ್ಡ ಬರುತ್ತದಂತೆ. ಅಲ್ಲಿಗೆ ಮಾತು ಮುಗಿಯಿತು.

ಶಾರದಕ್ಕ ನಮ್ಮಲ್ಲಿಗೆ ಬಂದದ್ದು ಆ ದಶಕದ ಕೊನೆಯ ಹೊತ್ತಿಗೆ. ವಿಜಾಪುರದ ಕಡೆಯವರು. ರವಿವಾರ ಪೇಠೆಯಲ್ಲಿ ಅವರದು ಬಟ್ಟೆಯ ಅಂಗಡಿ. ಗಂಡ ತೀರಿಕೊಂಡ ಮೇಲೆ ಮಗ ಪ್ರಕಾಶ ಅಂಗಡಿ ನೋಡಿಕೊಳ್ಳುತ್ತಿದ್ದ. ಶಾರದಕ್ಕನನ್ನು ಕರೆತಂದವಳು ಸೊಸೆ ಸುಮಂಗಲಾ.

"ಅತ್ತಿ ಉಣ್ಣುಮುಂದ ಬಾಯಾಗ ಕಟ್‌ ಕಟ್‌ ಅಂತದ್ರಿ ಮೇಡಂ," ಎಂದಳು ಸುಮಂಗಲಾ. "ಅಡಗಿಮನಿಯಿಂದ ಹೊರಗ ಕೇಳಸ್ತದ. ಕವಳಿ ಯಾವಾಗ ಮಾಡಿಸ್ಕೊಂಡ್ರೋ ನಮಗ ಗೊತ್ತಿಲ್ಲ, ಸಡ್ಲ ಆಗ್ಯಾದೇನೋ, ಒಂಚೂರು ಬಿಗಿ ಮಾಡಿ ಕೊಡ್ರಿ."

ಕವಳಿ ಎಂದರೆ ಕಟ್ಟಿಸಿದ ಹಲ್ಲಿನ ಸೆಟ್ಟು. ಪುಣೆಯ ಕನ್ನಡಿಗರೂ ಮರಾಠಿಯ ಈ ಪದವನ್ನೇ ಬಳಸುತ್ತಾರೆ. ಶಾರದಕ್ಕ ಕುರ್ಚಿಯಲ್ಲಿ ಕೂತರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಇದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಯಾವ ಊರು, ಯಾರ ಪೈಕಿ ಎಂದೆಲ್ಲ ಕೇಳಿದ ಮೇಲೆ ಸೆರಗು ಕೆಳಗಿಳಿಯಿತು.

ಬಾಯಿ ತೆರೆದಾಗ ನನಗೆ ಏನೋ ತಪ್ಪಿದೆ ಎನಿಸಿತು. ಚಿಕ್ಕ ಮುಖ, ಚಿಕ್ಕ ಬಾಯಿ, ಅದರೊಳಗೆ ಅಗಲವಾದ, ಚೌಕಾಕಾರದ ದೊಡ್ಡ ಹಲ್ಲುಗಳು. ನಮ್ಮ ಕೆಲಸದಲ್ಲಿ ಹಲ್ಲು ಆರಿಸುವಾಗ ಮುಖದ ಅಳತೆ ನೋಡುತ್ತೇವೆ. ಎಂಥ ಅನನುಭವಿಯೂ ಈ ಮುಖಕ್ಕೆ ಈ ಹಲ್ಲು ಇಡುವುದಿಲ್ಲ. ಕೆಳಗಿನ ಸೆಟ್ಟನ್ನು ಹೊರತೆಗೆದೆ. ಅದರಡಿಯಲ್ಲಿ ಹಳೆಯ ಧೋತರದ ಬಟ್ಟೆಯನ್ನು ಮಡಿಕೆ ಹಾಕಿ ತುಂಬಿದ್ದರು. ಆ ಬಟ್ಟೆಯ ಕೆಳಗೆ ವಸಡೆಲ್ಲ ಹುಣ್ಣು. ಸೆಟ್ಟಿನ ಒಳಗೆಲ್ಲ ಎಲೆ ಅಡಿಕೆಯ ಕಂದು ಕಲೆ ಕೂತಿತ್ತು.

"ಅಡಕಿ ತಿಂತೀರೇನ್ರಿ?" ಎಂದು ಕೇಳಿದೆ.

"ಇಲ್ಲರಿ," ಎಂದು ಅವರು ತಲೆಯಾಡಿಸಿದರು.

"ಮತ್ತ ಇದನ್ನ ಎಲ್ಲಿ ಮಾಡಿಸಿದ್ರಿ? ಯಾರು ಅಳತಿ ತಗೊಂಡ್ರು?"

ಶಾರದಕ್ಕ ಸೊಸೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಕೆಳಹಲ್ಲಿಲ್ಲದ ಬಾಯಿಯಿಂದ ಮಾತು ಸ್ಪಷ್ಟವಾಗಿ ಬರಲಿಲ್ಲ. ಎರಡನೆಯ ಸಲ ಹೇಳಿದಾಗ ತಿಳಿಯಿತು. "ನಮ್ಮವರವು ರೀ."

ಸುಮಂಗಲಾ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಸಿದು ಕೂತಳು. ಮಾವ ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು. "ಮಾವನೋರ ಹಲ್ಲೇನ್ರಿ ಅತ್ತಿ? ಅವರ ಬಾಯಾನ್ವಾ?" ಎಂದು ಅವಳು ಕೇಳಿದಳು. ನನ್ನ ಕೈಯಲ್ಲಿದ್ದ ಸೆಟ್ಟನ್ನು ಟ್ರೇನಲ್ಲಿ ಇಡಬೇಕೋ ಬೇಡವೋ ತಿಳಿಯದೆ ನಾನು ಹಿಡಿದುಕೊಂಡೇ ನಿಂತಿದ್ದೆ. ಸತ್ತವರ ಹಲ್ಲು ಬದುಕಿದವರ ಬಾಯಲ್ಲಿ. ಯಾವ ಪಠ್ಯಪುಸ್ತಕವೂ ನನಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಸರ್ ಒಳಗೆ ಬಂದರು. ವಿಷಯ ತಿಳಿದು ಆ ಸೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಮರಾಠಿಯಲ್ಲಿ ಮೃದುವಾಗಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು. ಶಾರದಕ್ಕ ಪೇಠೆಯ ಒಳ್ಳೆಯ ಮರಾಠಿಯಲ್ಲೇ ಹೇಳಿದರು: "ಹ್ಯಾಂಚೀ ಆಠವಣ ಆಹೆ, ಡಾಕ್ಟರ." ಯಜಮಾನರ ನೆನಪು ಅದು, ಎಂದು. ಸರ್ ಅವರಂಥವರ ಕಣ್ಣೂ ಒದ್ದೆಯಾಯಿತು. ಸುಮಂಗಲಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ನಂಬಿದೆ.

ಎಕ್ಸ್‌ರೇ ತೆಗೆಸಿ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಎರಡನೆಯ ಆಘಾತ. ಹಲ್ಲು ಹೋದ ಮೇಲೆ ದವಡೆಯ ಎಲುಬು ವರ್ಷವರ್ಷಕ್ಕೂ ಸವೆಯುತ್ತದೆ. ಆದರೆ ಅರವತ್ತು ದಾಟದ ಈ ಹೆಂಗಸಿನ ಕೆಳದವಡೆ ತೊಂಬತ್ತರ ಮುದುಕಿಯದರಂತೆ ತೆಳ್ಳಗಾಗಿತ್ತು. ಎರಡೂ ಪಕ್ಕಗಳಲ್ಲಿ ಬಳೆಯ ಚೂರಿನಷ್ಟೇ ಉಳಿದಿತ್ತು. ಅದರ ಮೇಲೆ ಎಂಥ ಸೆಟ್ಟು ಕಟ್ಟಿದರೂ ನಿಲ್ಲುವುದು ಸಾಧ್ಯವಿರಲಿಲ್ಲ. ಗದ್ದದ ಹತ್ತಿರ ಮಾತ್ರ ಸ್ವಲ್ಪ ಎಲುಬಿತ್ತು.

"ಇಲ್ಲಿ ಎರಡು ತಿರುಪು ಕೂರಿಸಬಹುದು," ಎಂದರು ಸರ್. "ಆದರೆ ಕೊರೆಯುವಾಗ ಎಲುಬು ತಡೆಯದಿದ್ದರೆ ದವಡೆಯೇ ಮುರಿಯುತ್ತದೆ. ಮನೆಯವರಿಗೆ ಮುಚ್ಚುಮರೆ ಇಲ್ಲದೆ ಹೇಳು."

ಹೇಳುವುದಕ್ಕೆ ಮಗನನ್ನು ಕರೆಸಿದೆ. ಪ್ರಕಾಶ ಬಂದ. ಮೃದು ಮಾತಿನ, ತಾಯಿಯ ಮೇಲೆ ಜೀವ ಇಟ್ಟುಕೊಂಡ ಮನುಷ್ಯ. ಫಿಲ್ಮನ್ನು ತೋರಿಸಿ, ನಿಮ್ಮ ತಾಯಿಗೆ ಹಲ್ಲು ಹೋಗಿ ಕನಿಷ್ಠ ಇಪ್ಪತ್ತು ವರ್ಷವಾದರೂ ಆಗಿರಬೇಕು, ಎಲುಬು ಹಾಗೆ ಹೇಳುತ್ತದೆ ಎಂದೆ.

"ಇಲ್ಲ ಬಿಡ್ರಿ ಮೇಡಂ," ಎಂದ. "ಅಪ್ಪ ಇರೂತನಾ ಅವ್ವಗ ಹಲ್ಲು ಇದ್ದವಲ್ಲ."

"ಯಾವಾಗ ನೋಡಿದ್ರಿ?"

ಅವನು ಯೋಚಿಸಿದ. ಫಿಲ್ಮು ನೋಡಿದ, ನನ್ನನ್ನು ನೋಡಿದ. "ನಮ್ಮವ್ವ ಉಣ್ಣೋದು ನಾ ನೋಡೇ ಇಲ್ಲರಿ," ಎಂದ. "ಎಲ್ಲಾರ್ದೂ ಆದಮ್ಯಾಲ ಒಳಗ ಕೂತು ಉಣ್ತಿದ್ಲು. ನಗುಮುಂದ ಸೆರಗು ಹಿಡಕೋತಿದ್ಲು. ಮೊದಲಿಂದ ಹಂಗ ಅಂತ ತಿಳಕೊಂಡಿದ್ದೆ."

ನಾನು ಈ ವೃತ್ತಿಯಲ್ಲಿ ಎಷ್ಟೋ ಬಾಯಿಗಳನ್ನು ನೋಡಿದ್ದೇನೆ. ಆದರೆ ಅಷ್ಟು ವರ್ಷ ತಾಯಿಯ ಕೈಯ ರೊಟ್ಟಿ ತಿಂದ ಮಗ, ಅವಳಿಗೆ ಹಲ್ಲೇ ಇರಲಿಲ್ಲವೆಂದು ಎಕ್ಸ್‌ರೇ ಫಿಲ್ಮಿನಿಂದ ತಿಳಿದುಕೊಂಡಂಥ ಇನ್ನೊಂದು ಗಳಿಗೆ ನನಗೆ ನೆನಪಿಲ್ಲ.

ಮೊದಲು ಹುಣ್ಣು ಮಾಯಬೇಕಿತ್ತು. ಅದಕ್ಕೆ ಹಳೆಯ ಸೆಟ್ಟನ್ನು ಬಾಯಿಗೆ ಹಾಕಿಕೊಳ್ಳಬಾರದು ಎಂದೆ. ಶಾರದಕ್ಕ ಒಪ್ಪಲಿಲ್ಲ. ನಾನು ಸೊಸೆಯನ್ನು ಹೊರಗೆ ಕಳಿಸಿ, ಪಕ್ಕದಲ್ಲಿ ಕೂತು ಸಮಾಧಾನ ಹೇಳಿದೆ.

"ಯಜಮಾನರ ನೆನಪಿನ ವಸ್ತು, ಬಿಟ್ಟಿರೋದು ಕಷ್ಟ. ನನಗ ತಿಳೀತದರಿ. ಮನ್ಯಾಗ ದೇವರ ಮುಂದ ಇಟ್ಟುಕೊಳ್ರಿ ಬೇಕಂದ್ರ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ನೆನಪಲ್ಲರಿ ಡಾಕ್ಟರ್‌ಬಾಯಿ. ಅದು ದೊಡ್ಡ ಸಾಹೇಬರಿಗೆ ಹೇಳಿದ ಮಾತು. ಸೊಸಿ ಮುಂದ ಮತ್ತೇನು ಹೇಳಬೇಕಿತ್ತು?"

"ಮತ್ತ ಯಾಕರಿ?"

"ಹಸಿವಿ ರೀ."

ಆಮೇಲೆ ಅವರು ಹೇಳಿದ್ದನ್ನು ನಾನು ಮಧ್ಯೆ ಬಾಯಿ ಹಾಕದೆ ಕೇಳಿದೆ. ಪ್ರಕಾಶ ಹುಟ್ಟಿದ ಮೇಲೆ ಅವರ ವಸಡು ಬಾತು ಹಲ್ಲು ಅಲುಗಾಡತೊಡಗಿದ್ದವು. ಸೊಲ್ಲಾಪುರಕ್ಕೆ ಹೋದಾಗ ಯಾರೋ ಹಲ್ಲು ಕೀಳುವವನ ಬಳಿ ಕರೆದೊಯ್ದರು. ಕೆಟ್ಟಿದ್ದವು ಕೆಲವೇ. ಆದರೆ ಮತ್ತೆ ಮತ್ತೆ ಯಾರು ಕರೆತರುವುದು ಎಂದು ಮನೆಯ ಹಿರಿಯರು ಎಲ್ಲವನ್ನೂ ತೆಗೆಸಿಬಿಟ್ಟರು. ಆಗ ಶಾರದಕ್ಕನಿಗೆ ಮೂವತ್ತೂ ತುಂಬಿರಲಿಲ್ಲ.

"ಅವರೇನು ಕೆಟ್ಟವರಲ್ಲರಿ," ಎಂದರು ಗಂಡನ ಬಗ್ಗೆ. "ಅವರ ಹಲ್ಲು ಹೋದಾಗ ಕವಳಿ ಮಾಡಿಸಿಕೊಂಡ್ರು. ಅಂಗಡ್ಯಾಗ ಗಿರಾಕಿ ಕೂಡ ಮಾತಾಡಬೇಕಲ್ರಿ. ನನಗ ಬೇಕೇನು ಅಂತ ಅವರಿಗೆ ಹೊಳೀಲಿಲ್ಲ. ನಾನೂ ಕೇಳಲಿಲ್ಲ. ದಿನಾ ಎಲ್ಲಾರಿಗೂ ಖಡಕ್ ರೊಟ್ಟಿ ಬಡೀತಿದ್ದೆ. ಶೇಂಗಾ ಚಟ್ನಿ ಕುಟ್ತಿದ್ದೆ. ನಾ ರೊಟ್ಟಿ ಹಾಲಾಗ ನೆನಸಿ ನುಂಗ್ತಿದ್ದೆ, ಇಲ್ಲಂದ್ರ ನುಚ್ಚು. ಅವರು ಹೋದ ದಿನ ಬಾಯಾಗಿಂದ ತಗದು ಬಟ್ಟಲದಾಗ ಇಟ್ಟಿದ್ರು. ಎಲ್ಲಾರೂ ಅಳ್ಳಿಕತ್ತಿದ್ರು. ನನಗೂ ಅಳು ಬಂದಿತ್ತು. ಆದ್ರ ಕಣ್ಣು ಬಟ್ಟಲದ ಮ್ಯಾಲ ಇತ್ತು ನೋಡ್ರಿ."

ಅವರು ನನ್ನ ಕೈ ಮುಟ್ಟಿ, "ನೀವು ಯಾರಿಗೂ ಹೇಳಬ್ಯಾಡ್ರಿ. ಪ್ರಕಾಶಗ ಭಾಳ ಕೆಟ್ಟ ಅನಸ್ತದ," ಎಂದರು. ಅವರು ಬದುಕಿರುವವರೆಗೆ ನಾನು ಹೇಳಲಿಲ್ಲ. ಈಗ ಹೆಸರು ಬದಲಿಸಿ ಬರೆಯುತ್ತಿದ್ದೇನೆ.

ಶಸ್ತ್ರಚಿಕಿತ್ಸೆಯ ದಿನ ಸರ್ ಅವರ ಹಣೆಯ ಮೇಲೆ ಬೆವರು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ಕೊರೆಯುವ ಯಂತ್ರದ ಸದ್ದು ಬದಲಾದಾಗಲೆಲ್ಲ ಇದೀಗ ಮುರಿಯಿತು, ಇದೀಗ ಮುರಿಯಿತು ಎಂದುಕೊಳ್ಳುತ್ತಲೇ ಕೆಳದವಡೆಯನ್ನು ಎರಡೂ ಕೈಯಿಂದ ಆತು ಹಿಡಿದಿದ್ದೆ. ಮುರಿಯಲಿಲ್ಲ. ಎರಡೂ ತಿರುಪುಗಳು ಬಿಗಿಯಾಗಿ ಕೂತವು. ಹೊಲಿಗೆ ಹಾಕಿ, ನಾಲ್ಕು ತಿಂಗಳು ಕಾಯಲು ಹೇಳಿ ಕಳಿಸಿದೆವು. ಆ ತಿಂಗಳುಗಳಲ್ಲಿ ಸುಮಂಗಲಾ ಅತ್ತೆಗೆ ಬೇಕಾದ ಮೆತ್ತನೆಯ ಅಡುಗೆಯನ್ನು ಎಲ್ಲರಿಗೂ ಮಾಡಿದಳಂತೆ. ಪ್ರಕಾಶನೂ ನುಚ್ಚು ಉಂಡನಂತೆ. ಯಾರೂ ಅದರ ಬಗ್ಗೆ ಮಾತಾಡಲಿಲ್ಲ ಎಂದು ಅವಳೇ ನನಗೆ ಹೇಳಿದಳು.

ವಸಡು ಬಿಡಿಸಿ ನೋಡಿದಾಗ ತಿರುಪುಗಳು ಎಲುಬಿನಲ್ಲಿ ಕಲ್ಲಿನಂತೆ ನಿಂತಿದ್ದವು. ಅವುಗಳ ಮೇಲೆ ಸಣ್ಣ ಗುಂಡುಗಳನ್ನು ಬಿಗಿದರೆ, ಸೆಟ್ಟಿನ ಒಳಗಿನ ಪುಟ್ಟ ಟೊಪ್ಪಿಗೆಗಳು ಅವನ್ನು ಕಚ್ಚಿ ಹಿಡಿಯುತ್ತವೆ. ಶಾರದಕ್ಕನಿಗೆ ಚಿತ್ರ ಬರೆದು ತೋರಿಸಿದಾಗ, "ಟಿಚ್ ಬಟನ್ ಹಂಗ," ಎಂದರು. ಬಟ್ಟೆಯ ವ್ಯಾಪಾರದ ಮನೆಯವರಿಗೆ ಅದಕ್ಕಿಂತ ಹೆಚ್ಚು ವಿವರಿಸುವುದು ಬೇಕಾಗಲಿಲ್ಲ.

ಆ ಗುಂಡುಗಳನ್ನು ಬಿಗಿಯುವ ದಿನವೇ ಆಗಬಾರದ್ದು ಆಯಿತು. ಒಂದು ಬಿಗಿದಾಗಿತ್ತು. ಎರಡನೆಯದಕ್ಕೆ ಸರ್ ಸ್ಕ್ರೂಡ್ರೈವರು ತೆಗೆದುಕೊಂಡರು. ಕೈಗವಸಿಗೆ ಜೊಲ್ಲು ಹತ್ತಿತ್ತು. ಅದು ಬೆರಳ ನಡುವಿನಿಂದ ಜಾರಿ ನಾಲಿಗೆಯ ಮೇಲೆ ಬಿತ್ತು. ಹೊಳೆಯುತ್ತ ಹಿಂದಕ್ಕೆ ಜಾರುವುದು ನನ್ನ ಕಣ್ಣಿಗೆ ಕಂಡಿತು. ನಾನು ಕೈ ಹಾಕುವಷ್ಟರಲ್ಲಿ ಶಾರದಕ್ಕ ನುಂಗಿಬಿಟ್ಟರು.

ಅವರು ಕೆಮ್ಮುತ್ತಾರೆಯೇ ಎಂದು ಕಾದೆವು. ಕೆಮ್ಮಿದರೆ ಅದು ಶ್ವಾಸಕೋಶಕ್ಕೆ ಇಳಿದಿರಬಹುದು. ಕೆಮ್ಮಲಿಲ್ಲ. ಎದ್ದು ಕೂತು, "ಏನೋ ಒಳಗ ಹೋತ್ರಿ," ಎಂದಷ್ಟೇ ಹೇಳಿದರು.

ಸರ್ ಕೈಗವಸು ಕಳಚಿದರು. ಆಗ ಅವರಲ್ಲಿಗೆ ಬಂದಿದ್ದ ಡಾಕ್ಟರ ಮಿತ್ರರೊಬ್ಬರು ಕಿವಿಯಲ್ಲಿ, ಈಗಲೇ ಏನೂ ಹೇಳಬೇಡ, ಹೊಟ್ಟೆಯ ಎಕ್ಸ್‌ರೇ ಎಂದಷ್ಟೇ ಹೇಳು ಎಂದರು. ಸರ್ ಆ ಮಾತು ಕೇಳಲಿಲ್ಲ. ಸ್ಟೂಲು ಎಳೆದುಕೊಂಡು ಶಾರದಕ್ಕನ ಎದುರು ಕೂತು, ಹೊರಗಿದ್ದ ಪ್ರಕಾಶ, ಸುಮಂಗಲಾ ಇಬ್ಬರನ್ನೂ ಒಳಗೆ ಕರೆಸಿದರು. "ಮಾಝ್ಯಾ ಹಾತೂನ ಚೂಕ ಝಾಲೀ," ಎಂದರು. ನನ್ನ ಕೈಯಿಂದ ತಪ್ಪಾಯಿತು. ಏನು ಬಿತ್ತು, ಎಲ್ಲಿಗೆ ಹೋಗಿರಬಹುದು, ಏನೇನು ಅಪಾಯ, ದಾರ ಕಟ್ಟಬೇಕಿತ್ತು, ಕಟ್ಟಲಿಲ್ಲ, ಎಲ್ಲವನ್ನೂ ಹೇಳಿದರು. ಅವರ ಬಾಯಿಂದ ಅಂಥ ಮಾತು ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಪ್ರಕಾಶ ಏನೋ ಒರಟಾಗಿ ಹೇಳಲು ಹೊರಟವನು ತಾಯಿಯ ಕಡೆ ತಿರುಗಿದ. "ನಡಿಯವ್ವಾ. ಇವರ ಕಡಿಂದ ಏನೂ ಬ್ಯಾಡ. ಮನಿಗೆ ಹೋಗೂಣು."

ಶಾರದಕ್ಕ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಾ ಏಳೂದಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟರ್‌ಬಾಯಿ, ಅದು ಹೊಟ್ಟಿಗೆ ಹೋದ್ರ ತಾನ ಹೊರಗ ಬರ್ತದ. ಇನ್ನೊಂದು ಗುಂಡಿ ಉಳದದ. ಹಲ್ಲು ಕೂಡಿಸದ ನನ್ನ ಕಳಸಬ್ಯಾಡ್ರಿ."

"ಅವ್ವಾ, ಜೀವದ ಪ್ರಶ್ನೆ ಅದ," ಎಂದ ಪ್ರಕಾಶ.

"ನಂದೂ ಅದೇ ಅದಪ್ಪಾ," ಎಂದರು ಅವರು.

ಅಂದು ಹಲ್ಲು ಕೂರಿಸಲಿಲ್ಲ. ಪಕ್ಕದ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿದೆವು. ಹೊಟ್ಟೆಯಲ್ಲಿ ಅದು ಬಿಳಿಯ ಗೆರೆಯಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಾಳೆಹಣ್ಣು, ಅನ್ನ ತಿನ್ನಿಸಿ ಕಾಯಿರಿ ಎಂದರು ಅಲ್ಲಿಯ ಸರ್ಜನ್. ಆ ದಿನಗಳಲ್ಲಿ ಸರ್ ಬೆಳಿಗ್ಗೆ ಸಂಜೆ ತಾವೇ ಪೇಠೆಯ ಆ ಮನೆಗೆ ಹೋಗಿ ಶಾರದಕ್ಕನ ಹೊಟ್ಟೆ ಮುಟ್ಟಿ ನೋಡಿ ಬರುತ್ತಿದ್ದರು. ಪ್ರಕಾಶ ಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದನಂತೆ. ಆಮೇಲೆ ಒಳಗೆ ಕರೆದು ಚಹಾ ಕೊಟ್ಟನಂತೆ. ವಾರದೊಳಗೆ ಅದು ಯಾವ ತೊಂದರೆಯನ್ನೂ ಕೊಡದೆ ಹೊರಬಿತ್ತು. ಫೋನಿನಲ್ಲಿ ಸುದ್ದಿ ಬಂದಾಗ ಸರ್ ರಿಸೀವರು ಕೆಳಗಿಟ್ಟು, ರೋಗಿಗಳ ಕುರ್ಚಿಯಲ್ಲಿ ಹೋಗಿ ಕಣ್ಣು ಮುಚ್ಚಿ ಮಲಗಿದರು. ಆಮೇಲೆ ನಿವೃತ್ತರಾಗುವವರೆಗೆ ಅವರು ದಾರವಿಲ್ಲದೆ ಆ ಉಪಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ನಮ್ಮಲ್ಲಿ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ತಮ್ಮ ತಪ್ಪನ್ನು ತಾವೇ ಹೇಳುತ್ತಿದ್ದರು. ನೀವೂ ಕಟ್ಟಿಕೊಳ್ಳಿ. ಕುರ್ಚಿಯನ್ನು ಪೂರ್ತಿ ಮಲಗಿಸಬೇಡಿ, ಗಂಟಲಿಗೆ ಅಡ್ಡ ಬಟ್ಟೆ ಇಡಿ. ಕೈ ಎಷ್ಟು ಪಳಗಿದ್ದರೂ ಸರಿ.

ಹೊಸ ಹಲ್ಲು ಕೂರಿಸುವ ದಿನ ಬಂತು. ಮುಖಕ್ಕೆ ಒಪ್ಪುವ ಚಿಕ್ಕ ಹಲ್ಲುಗಳನ್ನು ಆರಿಸಿದ್ದೆ. ಕೆಳಗಿನ ಸೆಟ್ಟು ಗುಂಡುಗಳ ಮೇಲೆ ಟಪ್ಪೆಂದು ಕೂತಿತು. ನಾಲಿಗೆಯಿಂದ ತಳ್ಳಿ ನೋಡಿರಿ ಎಂದೆ, ಅಲುಗಲಿಲ್ಲ. ಕನ್ನಡಿ ಕೊಟ್ಟೆ. ಶಾರದಕ್ಕ ಅದನ್ನು ಪಕ್ಕಕ್ಕಿಟ್ಟು ಕೈಚೀಲದಿಂದ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಖಡಕ್ ರೊಟ್ಟಿ. ಮೊದಲ ದಿನ ಮೆತ್ತನೆಯದನ್ನೇ ತಿನ್ನಬೇಕು ಎಂದು ನಾನು ಹೇಳುವಷ್ಟರಲ್ಲಿ ಮುರಿದು ಬಾಯಿಗೆ ಹಾಕಿಕೊಂಡಿದ್ದರು. ಅಗಿಯುವುದನ್ನೇ ಮರೆತಿದ್ದ ಬಾಯಿ. ಎರಡನೆಯ ತುತ್ತಿಗೇ ಕೆನ್ನೆ ಕಚ್ಚಿಕೊಂಡು ರಕ್ತ ಬಂತು. ನಾನು ಹತ್ತಿ ಒತ್ತಲು ಹೋದರೆ ಕೈ ಸರಿಸಿದರು. ಕಣ್ಣಲ್ಲಿ ನೀರು ತುಂಬಿತ್ತು. ನೋವಿಗೋ ಇನ್ನೇನಕ್ಕೋ ನಾನು ಕೇಳಲಿಲ್ಲ. ಸರ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಕೋಣೆಯಲ್ಲಿ ರೊಟ್ಟಿ ಅಗಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಕೆಲವು ತಿಂಗಳ ನಂತರ ತಪಾಸಣೆಗೆ ಬಂದಾಗ ಮೈ ತುಂಬಿಕೊಂಡಿದ್ದರು. ಬಾಯಿ ಚೆನ್ನಾಗಿತ್ತು. ಊಟ ಹೇಗೆ ನಡೆದಿದೆ ಎಂದು ಕೇಳಿದೆ.

"ಊಟದ ಚಿಂತಿಲ್ಲರಿ. ಪ್ರಕಾಶಂದ ತ್ರಾಸ ಆಗ್ಯಾದ," ಎಂದರು.

ನಾನು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟೆ. "ಏನಾತ್ರಿ?"

"ದಿನಾ ನನ್ನ ಎದುರಿಗೆ ತಾಟು ಹಾಕ್ಕೊಂಡು ಕೂಡತಾನ. ನಾ ಬಾಯಿಗೆ ತುತ್ತು ಇಟ್ಟಾಗೆಲ್ಲಾ ನೋಡ್ತಾನ. ಅಷ್ಟು ವರ್ಷ ಒಬ್ಬಾಕಿ ಉಂಡು ರೂಢಿ ನನಗ. ಗಂಟಲಾಗ ಇಳಿಯೂದಿಲ್ಲ. ಹಂಗ ನೋಡಬ್ಯಾಡ ಅಂತ ನೀವರ ಹೇಳ್ರಿ."

ಪ್ರಕಾಶ ಹೊರಗೆ ಬೆಂಚಿನ ಮೇಲೆ ಕೂತಿದ್ದ. ನಾನು ಹೋಗಿ, ತಾಯಿಗೆ ಸಂಕೋಚವಾಗುತ್ತದೆ, ಉಣ್ಣುವಾಗ ಅಷ್ಟು ನೋಡಬೇಡಿರಿ ಎಂದೆ.

ಅವನು ಎದ್ದು ನಿಂತ.

"ನೋಡದಿದ್ರ ಗೊತ್ತಾಗೂದಿಲ್ಲಲ್ರಿ ಮೇಡಂ," ಎಂದ.